ಸಾಮಾನ್ಯಕ್ಕಿಂತ ಐದು ಡಿಗ್ರಿ ಕಡಿಮೆ

ಆ ಊರಿನಲ್ಲಿ ಬೇಸಿಗೆಯು ಹವಾಮಾನ ಮುನ್ಸೂಚನಾ ಕಚೇರಿಯ ಅನುಮೋದನೆ ದೊರೆತ ಮೇಲೆಯೇ ಆರಂಭವಾಗತಕ್ಕದ್ದು. ಇದರಲ್ಲಿ ವಿಚಿತ್ರವೇನೂ ಇಲ್ಲ. ಹುಟ್ಟಿಗೆ ನೋಂದಣಿ ಉಂಟು, ಸಾವಿಗೆ ಪ್ರಮಾಣಪತ್ರ ಉಂಟು. ಬಿಸಿಲೊಂದು ಮಾತ್ರ ಹೇಳದೆ ಕೇಳದೆ ಊರೊಳಗೆ ಬಂದು ಕುಳಿತುಕೊಳ್ಳುವುದು ಆಡಳಿತಕ್ಕೆ ಶೋಭೆಯಲ್ಲ.

ಕಚೇರಿಗೆ ಎರಡು ಅಂತಸ್ತು. ಮೇಲಿನದು ನಿರ್ದೇಶಕರಿಗೂ ಅವರ ಕೋಣೆಯನ್ನು ತಂಪಾಗಿಡುವ ಯಂತ್ರಕ್ಕೂ ಮೀಸಲು. ಕೆಳಗಿನದು ಹಿರಿಯ ಮುನ್ಸೂಚಕಿಗೂ ಆಕೆಯ ಒಂದು ಕಿಟಕಿಗೂ ಮೀಸಲು. ಕಿಟಕಿಯಾಚೆ ಅಂಗಳದಲ್ಲಿ ನಾಲ್ಕು ಕಾಲುಗಳ ಮೇಲೆ ನಿಂತ ಬಿಳಿಯ ಮರದ ಗೂಡು, ಗೂಡಿನೊಳಗೆ ಉಷ್ಣಮಾಪಕ. ಮುನ್ಸೂಚಕಿ ದಿನವೂ ಅದರ ಬಾಗಿಲು ತೆರೆದು, ಪಾದರಸ ಎಲ್ಲಿಯವರೆಗೆ ಏರಿದೆಯೆಂದು ನೋಡಿ, ನೋಡಿದ್ದನ್ನೇ ಬರೆಯುತ್ತಿದ್ದಳು. ಸೇವೆಗೆ ಸೇರಿದಂದಿನಿಂದ ಒಂದು ದಿನವೂ ಸುಳ್ಳು ಬರೆದವಳಲ್ಲ. ಈ ದೋಷವನ್ನು ಮೇಲಿನವರು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದ್ದರು. ಆಕೆ ಬರೆದದ್ದು ಹೇಗೂ ಮೇಲಿನ ಅಂತಸ್ತಿಗೆ ಹೋಗಿ, ತಿದ್ದಿಸಿಕೊಂಡೇ ಹೊರಗೆ ಬರುತ್ತಿತ್ತು.

ಬೇಸಿಗೆಯನ್ನು ಕುರಿತು ಕಚೇರಿಯು ಮೂರು ಬಗೆಯಲ್ಲಿ ಮಾತನಾಡಬಹುದಾಗಿತ್ತು: ಸಾಮಾನ್ಯಕ್ಕಿಂತ ಕಡಿಮೆ, ಸಾಮಾನ್ಯ, ಸಾಮಾನ್ಯಕ್ಕಿಂತ ಹೆಚ್ಚು. ಮೂರನೆಯದನ್ನು ಬಳಸಿದವರನ್ನು ಆ ಕಟ್ಟಡ ಕಂಡಿರಲಿಲ್ಲ. ‘ಹೆಚ್ಚು’ ಎಂದರೆ ಬಿಸಿಲು ಪರಿಹಾರ ನಿಧಿಯನ್ನು ತೆರೆಯಬೇಕು. ರಸ್ತೆ ಕೆಲಸದವರಿಗೆ ನಡುಮಧ್ಯಾಹ್ನ ವಿರಾಮ ಕೊಡಬೇಕು. ಚೌಕಗಳಲ್ಲಿ ಕುಡಿಯುವ ನೀರಿಡಬೇಕು. ನಿಧಿಯನ್ನು ತೆರೆಯುವುದಕ್ಕೆ ಯಾರ ಆಕ್ಷೇಪಣೆಯೂ ಇರಲಿಲ್ಲ. ಅದು ಆಗಲೇ ತೆರೆದುಹೋಗಿತ್ತು ಎಂಬುದಷ್ಟೇ ತೊಡಕು. ಬಿಸಿಲು ಪರಿಹಾರ ಸಮಿತಿಯವರು ಬಿಸಿಲನ್ನು ದೂರದಿಂದ, ನಿಷ್ಪಕ್ಷಪಾತವಾಗಿ ನೋಡುವ ಸಲುವಾಗಿ ಸಕುಟುಂಬ ಹಿಮದ ಬೆಟ್ಟವೊಂದಕ್ಕೆ ಹೋಗಿಬಂದಿದ್ದರು. ಅವರ ವರದಿ ಒಂದೇ ಸಾಲಿನದು: “ಅಲ್ಲಿ ಬಿಸಿಲಿನ ಸಮಸ್ಯೆ ಕಂಡುಬರಲಿಲ್ಲ.” ಆದ್ದರಿಂದ ಪ್ರತಿ ವರ್ಷವೂ ನಿರ್ದೇಶಕರು ಹಸಿರು ಶಾಯಿಯಲ್ಲಿ ಮುನ್ಸೂಚಕಿಯ ವಾಕ್ಯವನ್ನು ಹೊಡೆದುಹಾಕಿ ‘ಸಾಮಾನ್ಯ’ ಎಂದು ಬರೆಯುತ್ತಿದ್ದರು. ಊರಿನವರೂ ಸಾಮಾನ್ಯವಾಗಿ ಬೇಯುತ್ತಿದ್ದರು.

ಮುನ್ಸೂಚಕಿಗೆ ಒಬ್ಬ ತಮ್ಮ. ರಸ್ತೆಗೆ ಡಾಂಬರು ಹಾಕುವ ತಂಡದ ಮುಂದಾಳು. ಬೀದಿಯವರ ಬಾಯಲ್ಲಿ ಡಾಂಬರಣ್ಣ. ಅಕ್ಕತಮ್ಮಂದಿರದು ಒಂದೇ ಮನೆ. ಹಿಂದಿನ ಬೇಸಿಗೆಯ ಒಂದು ಸಾಮಾನ್ಯ ಮಧ್ಯಾಹ್ನ, ಕುದಿಯುವ ಡಾಂಬರಿನ ಪಕ್ಕದಲ್ಲಿ ಅವನು ಕಡಿದ ಮರದಂತೆ ಬಿದ್ದಿದ್ದ. ಆಸ್ಪತ್ರೆಯಲ್ಲಿ ವೈದ್ಯರು ಆಕೆಯನ್ನು ಬಾಗಿಲ ಮರೆಗೆ ಕರೆದು, “ನೋಡಿಮ್ಮ, ಈ ಸಲ ಎದ್ದಿದಾರೆ. ಇನ್ನೊಂದು ಸಲ ಹೀಗೆ ಬಿದ್ರೆ ಎಬ್ಬಿಸೋಕೆ ನನ್ನ ಕೈಲಾಗಲ್ಲ. ಮಧ್ಯಾಹ್ನದ ಬಿಸಿಲಿಗೆ ಮಾತ್ರ ಬಿಡಬೇಡಿ” ಎಂದಿದ್ದರು. ಬೇರೆ ಕೆಲಸ ನೋಡು ಎಂದು ಆಕೆ ಹೇಳಿದಾಗಲೆಲ್ಲ ತಮ್ಮನದು ಒಂದೇ ಉತ್ತರ: “ರಸ್ತೆ ಬಿಟ್ಟು ಎಲ್ಲಿಗೆ ಹೋಗ್ಲಿ ಅಕ್ಕ? ಎಲ್ಲಿಗೆ ಹೋಗ್ಬೇಕಾದ್ರೂ ರಸ್ತೆ ಬೇಕಲ್ಲ.”

ಆ ವರ್ಷ ಮೇಲಿನಿಂದ ಹೊಸ ಸುತ್ತೋಲೆ ಬಂದಿತ್ತು. ಆಡಳಿತವು ಪಾರದರ್ಶಕವಾಗಿರಬೇಕಾದ ಕಾರಣ ಪ್ರತಿ ಮುನ್ಸೂಚನೆಯಲ್ಲೂ ಕನಿಷ್ಠ ಒಂದು ಸಂಖ್ಯೆ ಇರತಕ್ಕದ್ದು. ಸಂಖ್ಯೆಗಳು ತಾಂತ್ರಿಕ ವಿಷಯವಾದ್ದರಿಂದ ಅವುಗಳನ್ನು ತಂತ್ರಜ್ಞರಲ್ಲದೆ ಬೇರೆ ಯಾರೂ ತಿದ್ದಕೂಡದು. ಪದಗಳು ಆಡಳಿತದ ವಿಷಯವಾದ್ದರಿಂದ ಅವು ನಿರ್ದೇಶಕರ ವಿವೇಚನೆಗೆ ಸೇರತಕ್ಕವು.

ಬೆಳಗಿನ ಚಹಾದ ಹೊತ್ತಿನಲ್ಲಿ ಮುನ್ಸೂಚಕಿ ಇದನ್ನು ತಮ್ಮನಿಗೆ ಬಿಡಿಸಿ ಹೇಳಿದಳು.

“ಈ ಸಲ ಲೆಕ್ಕ ಸ್ಪಷ್ಟವಾಗಿದೆ ಕಣೋ. ಮಧ್ಯಾಹ್ನದ ಸಾಮಾನ್ಯ ಮೂವತ್ತೊಂಬತ್ತು. ಈ ಬೇಸಿಗೆ ನಲವತ್ನಾಲ್ಕಕ್ಕೆ ಹೋಗುತ್ತೆ. ಐದು ಡಿಗ್ರಿ ಹೆಚ್ಚು ಅಂತ ಬರೀತೀನಿ. ಸಂಖ್ಯೆ ಇದ್ಮೇಲೆ ಅವರು ಬರೀ ‘ಸಾಮಾನ್ಯ’ ಅಂತ ಬರೆಯೋ ಹಾಗಿಲ್ಲ.”

“ನಿನ್ನ ಸಾಹೇಬ್ರು ಬಿಡ್ತಾರಾ?”

“ಸಂಖ್ಯೆ ಅವರು ಮುಟ್ಟಲ್ಲ.”

“ಮುಟ್ಟೋದೇನು, ಮೂಸೀನೂ ನೋಡಲ್ಲ ಬಿಡು. ಹೋದ ವರ್ಷ ನಿನ್ನ ಸಾಮಾನ್ಯ ಬಿಸಿಲಿಗೆ ನನ್ನ ಚಪ್ಪಲಿ ರಸ್ತೆಗೆ ಅಂಟ್ಕೊಂಡು ಹೋಯ್ತು. ಈಗ ಅದರ ಮೇಲೆ ಬಸ್ ಓಡಾಡ್ತಿದೆ. ನನ್ನ ಚಪ್ಪಲಿಗೆ ಸರ್ಕಾರಿ ಕೆಲಸ ಸಿಕ್ತು, ನನಗೆ ಸಿಗ್ಲಿಲ್ಲ.”

“ನಗಬೇಡ. ಈ ಸಲ ನಿನಗೆ ವಿರಾಮ ಸಿಗುತ್ತೆ. ಸಿಗ್ಲೇಬೇಕು.”

“ಸಿಕ್ರೆ ಒಳ್ಳೇದು. ಇಲ್ಲದಿದ್ರೆ ನನ್ನ ಮೇಲೂ ಬಸ್ ಓಡಾಡುತ್ತೆ, ಅಷ್ಟೇ ತಾನೇ?”

ಆಕೆ ತಮ್ಮನ ಲೋಟಕ್ಕೆ ಇನ್ನಷ್ಟು ಚಹಾ ಸುರಿದಳು. ಅವನು ಬೇಡವೆಂದರೂ ಸುರಿದಳು.

ಮುನ್ಸೂಚನೆಯ ಹಾಳೆ ಮೇಲಿನ ಅಂತಸ್ತಿಗೆ ಹೋಯಿತು. ಮರುದಿನ ಬೆಳಿಗ್ಗೆ ಸಹಿಯಾಗಿ ಕೆಳಗೆ ಬಂತು. ‘ಐದು’ ಎಂಬುದು ಇದ್ದಲ್ಲೇ ಇತ್ತು. ನಿರ್ದೇಶಕರು ಸುತ್ತೋಲೆಯನ್ನು ಅಕ್ಷರಶಃ ಪಾಲಿಸಿದ್ದರು. ಸಂಖ್ಯೆಯ ಕಡೆಗೆ ಅವರ ಲೇಖನಿ ತಿರುಗಿಯೂ ನೋಡಿರಲಿಲ್ಲ. ಅದರ ಪಕ್ಕದ ‘ಹೆಚ್ಚು’ ಎಂಬ ಆಡಳಿತಾತ್ಮಕ ಪದವನ್ನು ಮಾತ್ರ ಹೊಡೆದು, ಹಸಿರು ಶಾಯಿಯಲ್ಲಿ ‘ಕಡಿಮೆ’ ಎಂದು ತಿದ್ದಿದ್ದರು.

ಮುನ್ಸೂಚಕಿ ಹಾಳೆಯನ್ನು ಹಿಡಿದು ಎದ್ದಳು. ಐದು ಹೆಚ್ಚೆಂದರೆ ಸುಡುತ್ತದೆ, ಐದು ಕಡಿಮೆಯೆಂದರೆ ಮೈ ನಡುಗುತ್ತದೆ, ಎರಡೂ ಒಂದೇ ಅಲ್ಲ ಎಂದು ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತ ಮೆಟ್ಟಿಲು ಹತ್ತಿದಳು. ಮೆಟ್ಟಿಲ ತಿರುವಿನಲ್ಲಿ ಸ್ಟೋರ್‌ಕೀಪರ್ ಎದುರಾದ. ಅವನು ಕುಣಿಯುತ್ತ ಇಳಿಯುತ್ತಿದ್ದ. ಸೇವೆಯುದ್ದಕ್ಕೂ ಯಾರೂ ಕೇಳದ ವಸ್ತುಗಳನ್ನು ಕಾಯ್ದ ಮನುಷ್ಯ ಕುಣಿಯುವುದನ್ನು ಆಕೆ ಅದೇ ಮೊದಲು ಕಂಡದ್ದು.

“ಮೇಡಂ, ಕೊನೆಗೂ ಚಳಿ ಬಂತು!” ಎಂದ ಅವನು, ಕರವಸ್ತ್ರದಿಂದ ಕುತ್ತಿಗೆಯ ಬೆವರು ಒರೆಸಿಕೊಳ್ಳುತ್ತ. “ಸಾಮಾನ್ಯಕ್ಕಿಂತ ಐದು ಕಡಿಮೆ ಆದ್ರೆ ತೀವ್ರ ಶೀತ ಅಂತ ನಿಯಮ ಇದೆಯಲ್ಲ? ಶೀತ ಪರಿಹಾರ ನಿಧಿ ತೆರೀತಾರಂತೆ! ಅದನ್ನ ಯಾರೂ ಮುಟ್ಟೇ ಇಲ್ಲ ಮೇಡಂ, ಹಾಗೇ ಕೊಳೀತಿದೆ. ನನ್ನ ಕಂಬಳಿಗಳು! ಇಲಿ ತಿಂದಿದ್ದು ಬಿಟ್ಟು ಮಿಕ್ಕಿದ್ದೆಲ್ಲ ಹೊಸದಾಗಿದೆ.”

“ಅದು ತಪ್ಪಾಗಿದೆ. ತಿದ್ದಿಸೋಕೆ ಹೋಗ್ತಿದ್ದೀನಿ.”

ಸ್ಟೋರ್‌ಕೀಪರನ ಮುಖ ಬಾಡಿತು. “ಹೌದಾ? ಅಯ್ಯೋ. ರಸ್ತೆ ಇಲಾಖೆಗೆ ಆಗಲೇ ಫೋನ್ ಮಾಡ್ಬಿಟ್ಟೆನಲ್ಲ. ತೀವ್ರ ಶೀತದಲ್ಲಿ ಹೊರಗಡೆ ಕೆಲಸ ಮಾಡೋರನ್ನ ನಡುಮಧ್ಯಾಹ್ನ ಪೂರ್ತಿ ಬಯಲಿಗೆ ಬಿಡೋ ಹಾಗಿಲ್ಲ. ಕಂಬಳಿ ಗುಡಾರದೊಳಗೆ ಕೂರಿಸ್ಬೇಕು. ಪಾಪ, ಅವರೆಲ್ಲ ಬಹಳ ಖುಷಿಯಾದ್ರು. ಸರಿ ಬಿಡಿ, ತಪ್ಪು ಅಂದ್ರೆ ತಪ್ಪೇ. ನೀವು ತಿದ್ದಿಸಿ. ನಾನು ಹೋಗಿ ಬೇಡ ಅಂತ ಹೇಳ್ತೀನಿ.”

ಮುನ್ಸೂಚಕಿ ತಿರುವಿನಲ್ಲಿ ನಿಂತಳು. ಮೇಲೆ ತಂಪು ಯಂತ್ರದ ಗುಂಯ್ ಸದ್ದು. ಕೆಳಗೆ ಆಕೆಯ ಕಿಟಕಿ. ಕೈಯಲ್ಲಿದ್ದ ಹಾಳೆಯನ್ನು ಮತ್ತೊಮ್ಮೆ ಓದಿದಳು. ಅದರಲ್ಲಿ ತಾಂತ್ರಿಕವಾದ ಅಂಶ ಒಂದೇ, ಅದು ‘ಐದು’. ಐದು ಸರಿಯಾಗಿಯೇ ಇತ್ತು. ‘ಕಡಿಮೆ’ ಎಂಬುದು ಪದ. ಪದಗಳು ನಿರ್ದೇಶಕರ ವ್ಯಾಪ್ತಿಗೆ ಸೇರಿದವು; ಇನ್ನೊಬ್ಬರ ವ್ಯಾಪ್ತಿಯಲ್ಲಿ ಕೈಯಾಡಿಸುವ ಅಭ್ಯಾಸ ಆಕೆಗೆ ಎಂದೂ ಇರಲಿಲ್ಲ.

“ಫೋನ್ ಮಾಡಿದ್ದು ಮಾಡಿ ಆಯ್ತಲ್ಲ,” ಎಂದಳು. “ಮತ್ತೆ ಯಾಕೆ ತೊಂದರೆ ತಗೋತೀರಿ.”

ಬಂದ ದಾರಿಯಲ್ಲೇ ಇಳಿದುಹೋದಳು.

ಸಂಜೆಗೆ ಪ್ರಕಟಣೆ ಹೊರಬಿತ್ತು:

“ಪ್ರಸಕ್ತ ಬೇಸಿಗೆಯಲ್ಲಿ ಮಧ್ಯಾಹ್ನದ ಉಷ್ಣಾಂಶವು ಸಾಮಾನ್ಯಕ್ಕಿಂತ ಐದು ಡಿಗ್ರಿ ಕಡಿಮೆ ಇರುವುದರಿಂದ ಊರಿನಾದ್ಯಂತ ತೀವ್ರ ಶೀತದ ಪರಿಸ್ಥಿತಿಯನ್ನು ಘೋಷಿಸಲಾಗಿದೆ. ನಾಗರಿಕರು ಆತಂಕಕ್ಕೆ ಒಳಗಾಗದೆ ನಡುಗತಕ್ಕದ್ದು. ತೆಳುವಾದ ಉಡುಪಿನಲ್ಲಿ ಕಚೇರಿಗಳಿಗೆ ಬರುವವರ ಅರ್ಜಿಗಳನ್ನು ಸ್ವೀಕರಿಸಲಾಗುವುದಿಲ್ಲ. ಬಿಸಿಲು ಕಾಯಿಸಿಕೊಳ್ಳಲು ಇಚ್ಛಿಸುವವರಿಗೆ ಬಿಸಿಲನ್ನು ಉಚಿತವಾಗಿ ಒದಗಿಸಲಾಗಿದೆ.”

ಕೋಣ ಕರು ಹಾಕಿತು ಎಂದರೆ ಹಗ್ಗ ತಾ ಎನ್ನುವ ಜನ ಎಲ್ಲ ಊರುಗಳಲ್ಲೂ ಇರುತ್ತಾರೆ. ಆ ಊರಿನಲ್ಲಿ ಅವರು ಗುತ್ತಿಗೆದಾರರಾಗಿದ್ದರು. ಒಬ್ಬ ಕೈಗವಸು ತಂದ. ಒಬ್ಬ ಟೋಪಿ ತಂದ. ಮೂರನೆಯವನು ಚೌಕಗಳಲ್ಲಿ ಬೆಂಕಿ ಕಾಯಿಸಲೆಂದು ಲಾರಿಗಟ್ಟಲೆ ಸೌದೆ ತಂದು ಒಟ್ಟಿದ. ಚಳಿಯಲ್ಲಿ ಬೆಂಕಿ ಹಾಕಲೇಬೇಕೆಂದು ಒಂದು ನಿಯಮವಿತ್ತು. ಬೇಸಿಗೆಯಲ್ಲಿ ಬಯಲಿನಲ್ಲಿ ಬೆಂಕಿ ಹಾಕಲೇಕೂಡದೆಂದು ಅಗ್ನಿಶಾಮಕ ದಳದ ಇನ್ನೊಂದು ನಿಯಮವಿತ್ತು. ಎರಡು ಇಲಾಖೆಗಳೂ ಸೌಹಾರ್ದದಿಂದ ಕುಳಿತು ಮಾತನಾಡಿ, ಸೌದೆಯನ್ನು ಹಚ್ಚದೆ ಎತ್ತರಕ್ಕೆ ಪೇರಿಸಿಡುವುದೆಂದೂ, ಯಾರೂ ಹಚ್ಚದಂತೆ ಕಾವಲಿಡುವುದೆಂದೂ ತೀರ್ಮಾನಿಸಿದವು. ಕಾವಲುಗಾರರು ಅದರ ನೆರಳಿನಲ್ಲಿ ಕುಳಿತರು. ದಾರಿಹೋಕರೂ ಕುಳಿತರು. ಊರಿನ ಚೌಕಗಳಲ್ಲಿ ನೆರಳು ಎಂಬುದು ಇದ್ದದ್ದು ಅದೇ ಮೊದಲು.

ಕಂಬಳಿಗಳ ವಿಷಯದಲ್ಲಿಯೂ ಆಡಳಿತವು ದೂರದೃಷ್ಟಿ ತೋರಿತು. ಬಹುಕಾಲ ಉಗ್ರಾಣದಲ್ಲಿದ್ದ ಬಟ್ಟೆಯನ್ನು ಒಗೆದ ನಂತರವೇ ಕೊಡಬೇಕೆಂದು ಆರೋಗ್ಯ ಇಲಾಖೆಯ ಆದೇಶ. ಒಣಗಿಸಬೇಕೆಂದು ಯಾವ ಆದೇಶದಲ್ಲೂ ಇರಲಿಲ್ಲ. ಹೀಗಾಗಿ ರಸ್ತೆ ಕೆಲಸದವರ ಗುಡಾರಗಳ ಮೇಲೆ ದಿನವೂ ಒದ್ದೆ ಕಂಬಳಿ ಬೀಳುತ್ತಿತ್ತು, ಗಾಳಿ ಅದರ ಮೂಲಕ ಹಾದು ಒಳಗೆ ಹೋಗುತ್ತಿತ್ತು. ಆಸ್ಪತ್ರೆಯಲ್ಲಿ ತಲೆ ಸುತ್ತಿ ಬಂದವರನ್ನೆಲ್ಲ ‘ಶೀತದಿಂದ ಮೂರ್ಛೆ’ ಎಂದು ದಾಖಲಿಸಿ, ಶರೀರವನ್ನು ಶೀತಕ್ಕೆ ಒಗ್ಗಿಸುವ ಚಿಕಿತ್ಸೆಯೆಂಬ ಹೆಸರಿನಲ್ಲಿ ಹಣೆಗೆ ಮಂಜುಗಡ್ಡೆ ಇಡುತ್ತಿದ್ದರು. ಎಲ್ಲರೂ ಗುಣವಾಗುತ್ತಿದ್ದರು. ಶೀತದ ಕಾಯಿಲೆ ಇಷ್ಟು ಸುಲಭವಾಗಿ ವಾಸಿಯಾಗುವುದನ್ನು ಕಂಡು ವೈದ್ಯರೇ ಬೆರಗಾದರು.

ಆಕ್ಷೇಪಣೆ ಬಂದದ್ದು ಒಂದೇ. ಮುಖ್ಯ ಬೀದಿಯ ಕ್ಷೌರಿಕ ಮುನ್ಸೂಚಕಿಯ ಕಿಟಕಿಯ ಬಳಿ ಬಂದು ನಿಂತ.

“ಅಮ್ಮಾ, ತಪ್ಪು ತಿಳ್ಕೋಬೇಡಿ. ನನಗ್ಯಾಕೋ ಸೆಕೆ ಆಗ್ತಿರೋ ಹಾಗೆ ಅನ್ನಿಸ್ತಿದೆ.”

“ಎಷ್ಟು ದಿನದಿಂದ?”

“ಪ್ರಕಟಣೆ ಬರೋಕ್ಕಿಂತ ಮುಂಚಿನಿಂದಾನೂ.”

“ಮನೇಲಿ ಬೇರೆ ಯಾರಿಗಾದ್ರೂ ಹೀಗೆ ಆಗ್ತಿದೆಯಾ?”

“ಹೆಂಡತಿಗೆ ಆಗ್ತಿದೆ. ಮಕ್ಕಳಿಗೂ ಆಗ್ತಿದೆ. ನಮ್ಮ ಮಾವನಿಗೂ ಆಗ್ತಿತ್ತು. ಅವರಿಗೆ ಮೊನ್ನೆ ಸೌದೆ ಕಾಯೋ ಕೆಲಸ ಸಿಕ್ತು, ಆಮೇಲೆ ಚಳಿ ಶುರುವಾಯ್ತು.”

“ಹಾಗಾದ್ರೆ ನಿಮಗೂ ಶುರುವಾಗುತ್ತೆ,” ಎಂದಳು ಮುನ್ಸೂಚಕಿ. ಮುನ್ಸೂಚನೆ ಹೇಳುವುದು ಆಕೆಯ ವೃತ್ತಿಯಾಗಿತ್ತು. ಅದು ನಿಜವೂ ಆಯಿತು. ಮುಂದಿನ ವಾರ ಕ್ಷೌರಿಕನಿಗೆ ಗುಡಾರಗಳಲ್ಲಿ ನಡುಕ ಪರಿಶೀಲಕನ ಹುದ್ದೆ ದೊರೆಯಿತು.

ನಡುಕ ಪರಿಶೀಲನೆ ಅನಿವಾರ್ಯವಾಗಿತ್ತು. ಚಳಿಯೇ ಆಗದವರು ಗುಡಾರದಲ್ಲಿ ಕುಳಿತು ಸಾರ್ವಜನಿಕ ಸೌಲಭ್ಯವನ್ನು ದುರುಪಯೋಗ ಮಾಡಿಕೊಳ್ಳಬಾರದಲ್ಲ. ಪ್ರತಿ ಮಧ್ಯಾಹ್ನವೂ ಪರಿಶೀಲಕನ ಮುಂದೆ ಪ್ರತಿಯೊಬ್ಬರೂ ಒಮ್ಮೆ ನಡುಗಿ ತೋರಿಸಬೇಕು. ಡಾಂಬರಣ್ಣ ಇದರಲ್ಲಿ ಪಳಗಿದ. ಮನೆಗೆ ಬಂದು ಅಕ್ಕನಿಗೂ ತೋರಿಸಿದ.

“ನೋಡಕ್ಕ, ಹೊಸಬರು ಒಟ್ಟೊಟ್ಟಿಗೆ ಎಲ್ಲಾನೂ ಅಲ್ಲಾಡಿಸ್ಬಿಡ್ತಾರೆ. ಅದು ನಡುಕ ಅಲ್ಲ, ಮೈಮೇಲೆ ಜಿರಲೆ ಬಿದ್ದಂಗೆ ಕಾಣುತ್ತೆ. ಮೊದಲು ಹಲ್ಲು. ಆಮೇಲೆ ಭುಜ. ಮಂಡಿ ಕೊನೇಲಿ. ‘ಉಹುಹು’ ಅನ್ನೋದು ಒಂದೇ ಸಲ. ಜಾಸ್ತಿ ಅಂದ್ರೆ ನಾಟಕ ಆಗುತ್ತೆ.”

“ಊಟ ಮಾಡ್ತಾ ನಡುಗಬೇಡ. ಚೆಲ್ಲುತ್ತೆ.”

“ನಮ್ಮ ಗುಡಾರದಲ್ಲಿ ನಂದೇ ಅತ್ಯುತ್ತಮ ನಡುಕ ಅಂತ ಬರೆದಿದಾನೆ ಕ್ಷೌರದವನು. ಬೇಕಾದ್ರೆ ಹೋಗಿ ಕೇಳು.”

ಅವನ ಕೆನ್ನೆ ತುಂಬಿಕೊಂಡಿತ್ತು. ತಣ್ಣಗಿನ ಹೊತ್ತಿನಲ್ಲಿ ದುಡಿದು, ನಡುಮಧ್ಯಾಹ್ನ ಒದ್ದೆ ಕಂಬಳಿಯ ಕೆಳಗೆ ಗೊರಕೆ ಹೊಡೆದು, ಸಂಜೆ ಸೀಟಿ ಹಾಕುತ್ತ ಮನೆಗೆ ಬರುತ್ತಿದ್ದ. ಮುನ್ಸೂಚಕಿ ಅವನ ಮುಖವನ್ನು ನೋಡಿ ಎದ್ದು ಕೈ ತೊಳೆಯುತ್ತಿದ್ದಳು.

ಇಷ್ಟರಲ್ಲಿ ಶೀತ ಪರಿಹಾರ ನಿಧಿ ಇಷ್ಟು ಬೇಗ ಕರಗಿದ್ದು ಹೇಗೆಂದು ಮೇಲಿನವರಿಗೆ ಅನುಮಾನ ಬಂತು. ತನಿಖಾಧಿಕಾರಿಯೊಬ್ಬರು ಖುದ್ದಾಗಿ ಬಂದು ಚಳಿಯನ್ನು ಪರಿಶೀಲಿಸುವರೆಂದೂ, ಚಳಿ ಇಲ್ಲವೆಂದು ಕಂಡುಬಂದಲ್ಲಿ ಗುಡಾರಗಳನ್ನು ಅಂದೇ ಕಿತ್ತು ರಸ್ತೆ ಕೆಲಸವನ್ನು ಪೂರ್ಣಾವಧಿಗೆ ಆರಂಭಿಸತಕ್ಕದ್ದೆಂದೂ ಆದೇಶ ಬಂತು.

ನಿರ್ದೇಶಕರು ಅಂದು ಮೊದಲ ಬಾರಿಗೆ ಕೆಳಗಿನ ಅಂತಸ್ತಿಗೆ ಇಳಿದುಬಂದರು. ಅಲ್ಲಿಯ ಕುರ್ಚಿಯೊಂದರ ಮೇಲೆ ಕುಳಿತು, ಕುರ್ಚಿ ಬಿಸಿಯಾಗಿದ್ದುದನ್ನು ಕಂಡು ಎದ್ದರು.

“ಮೇಡಂ, ನಾಳೆ ಅವರ ಮುಂದೆ ಉಷ್ಣಮಾಪಕ ಓದೋರು ನೀವೇ. ಅದು ಎಷ್ಟು ತೋರಿಸುತ್ತೆ?”

“ಎಷ್ಟಿರುತ್ತೋ ಅಷ್ಟು ಸರ್.”

“ಅದು ಗೊತ್ತು. ಸ್ವಲ್ಪ ಹೊಂದಾಣಿಕೆ…”

“ಸಂಖ್ಯೆ ತಾಂತ್ರಿಕ ವಿಷಯ ಸರ್. ತಮಗೆ ಅದು ಬೇಡ.”

“ಅಲ್ಲ ಮೇಡಂ, ಇದು ಬಿಸಿ ತುಪ್ಪ ಆಗಿದೆ. ನುಂಗೋಕೂ ಆಗಲ್ಲ, ಉಗಿಯೋಕೂ ಆಗಲ್ಲ. ನನ್ನ ಕೆಲಸ ಹೋದ್ರೆ ನಿಮ್ಮದೂ ಉಳಿಯಲ್ಲ, ನೆನಪಿರಲಿ. ‘ಐದು’ ಅಂತ ಬರೆದೋರು ನೀವೇ ತಾನೇ?”

“ಹೌದು ಸರ್. ಐದು ನಾನೇ ಬರೆದಿದ್ದು.”

ಅಂದು ಸಂಜೆ ಮನೆಯಲ್ಲಿ ತಮ್ಮ ಸೀಟಿ ಹಾಕಲಿಲ್ಲ. ಗುಡಾರ ಕೀಳುವ ಸುದ್ದಿ ಅವನ ಕಿವಿಗೂ ಬಿದ್ದಿತ್ತು. “ನೀನು ನನ್ನ ಸಲುವಾಗಿ ಸುಳ್ಳು ಹೇಳ್ಬೇಡ ಅಕ್ಕ. ನಿನಗದು ಬರಲ್ಲ. ಬರದ ಕೆಲಸಕ್ಕೆ ಕೈ ಹಾಕಿ ಸಿಕ್ಕಿಹಾಕ್ಕೊಂಡ್ರೆ ಇಬ್ಬರೂ ಡಾಂಬರು ಹಾಕ್ಬೇಕಾಗುತ್ತೆ,” ಎಂದ. ಆಕೆ, “ಬಡಿಸಿದ್ದು ತಿನ್ನು” ಎಂದಳು.

ಮರುದಿನ ನಡುಮಧ್ಯಾಹ್ನ ತನಿಖಾಧಿಕಾರಿಗಳು ಬಂದಿಳಿದರು. ಪ್ರಕಟಣೆಯನ್ನು ಓದಿಕೊಂಡೇ ಬಂದಿದ್ದರು. ಉಣ್ಣೆಯ ಕೋಟು, ಕಿವಿ ಮುಚ್ಚುವ ಟೋಪಿ, ಕೊರಳಿಗೆ ಮಫ್ಲರ್. ಮುಖ ಕೆಂಪಗೆ ಹೊಳೆಯುತ್ತಿತ್ತು. ಅಂಗಳದ ನೆಲ ಬೂಟಿನ ಮೂಲಕವೂ ಸುಡುತ್ತಿತ್ತು. ಬೇಲಿಯಾಚೆ ಕೂಗಳತೆಯಲ್ಲಿ ರಸ್ತೆಯವರ ಗುಡಾರ. ಅದರ ಬಾಯಲ್ಲಿ ಡಾಂಬರಣ್ಣ ನಿಂತು ಇತ್ತಲೇ ನೋಡುತ್ತಿದ್ದ. ಪಕ್ಕದಲ್ಲಿ ಡಾಂಬರಿನ ಪೀಪಾಯಿ, ಅದರ ಕೆಳಗೆ ಹೊತ್ತಿಸಲು ಸಿದ್ಧವಾಗಿಟ್ಟ ಕಟ್ಟಿಗೆ. ಆದೇಶ ಬಂದ ಕ್ಷಣವೇ ಕೆಲಸ ಹಿಡಿಯಬೇಕೆಂದು ಇಲಾಖೆಯವರು ತಯಾರಿ ಮಾಡಿಟ್ಟಿದ್ದರು.

ಮುನ್ಸೂಚಕಿ ಗೂಡಿನ ಬಾಗಿಲು ತೆರೆದಳು. ಬಗ್ಗಿ ನೋಡಿದಳು. ಎಂದಿನಂತೆ ಎರಡನೆಯ ಸಲವೂ ನೋಡಿದಳು.

“ನಲವತ್ನಾಲ್ಕು ಸರ್.”

ನಿರ್ದೇಶಕರು ಕಣ್ಣು ಮುಚ್ಚಿದರು. ತನಿಖಾಧಿಕಾರಿಗಳು ಮುನ್ಸೂಚನೆಯ ಹಾಳೆಯನ್ನು ತೆಗೆದು, ಬೆವರಿನಿಂದ ಮಸುಕಾದ ಕನ್ನಡಕವನ್ನು ಒರೆಸಿ, ಗಟ್ಟಿಯಾಗಿ ಓದಿದರು. “ಸಾಮಾನ್ಯಕ್ಕಿಂತ ಐದು ಡಿಗ್ರಿ ಕಡಿಮೆ. ಹ್ಞೂಂ. ಈಗ ಇರೋದು ನಲವತ್ನಾಲ್ಕು. ಅಂದ್ಮೇಲೆ, ಮೇಡಂ, ಸಾಮಾನ್ಯ ಎಷ್ಟು?”

ಮೂವತ್ತೊಂಬತ್ತು ಎಂಬ ಉತ್ತರ ಮುನ್ಸೂಚಕಿಯ ನಾಲಿಗೆಯ ತುದಿಯಲ್ಲಿತ್ತು. ಬೇಲಿಯಾಚೆ ತಮ್ಮ ಒಂದು ಕೈಯನ್ನು ಹಣೆಗೆ ಅಡ್ಡ ಹಿಡಿದು ನಿಂತಿದ್ದ. ಆಕೆ ಗೂಡಿನ ಬಾಗಿಲನ್ನು ಮೆಲ್ಲನೆ ಮುಚ್ಚಿ ಚಿಲಕ ಹಾಕಿದಳು.

“ಪಾದರಸ ಎಷ್ಟಿದೆ ಅಂತ ಓದೋದು ನನ್ನ ಕೆಲಸ ಸರ್. ಸಾಮಾನ್ಯ ಎಷ್ಟು ಅಂತ ನಿಗದಿ ಮಾಡೋದು ಮೇಲಿನವರು. ಅದನ್ನ ತಾವೇ ಹೇಳ್ಬೇಕು.”

ಇದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ತನಿಖಾಧಿಕಾರಿಗಳಿಗೆ ಸಂತೋಷವಾಯಿತು. ತಮ್ಮ ಅಧಿಕಾರವನ್ನು ಇಷ್ಟು ಸರಿಯಾಗಿ ಅರಿತವರನ್ನು ಅವರು ಕೆಳಗಿನ ಅಂತಸ್ತಿನಲ್ಲಿ ಕಂಡಿರಲಿಲ್ಲ. ಹಾಳೆಯ ಅಂಚಿನಲ್ಲಿ ಲೆಕ್ಕ ಹಾಕಿದರು. ನಲವತ್ತನಾಲ್ಕು, ಅದಕ್ಕೆ ಐದು ಕೂಡಿಸಿದರು. ಇನ್ನೊಮ್ಮೆ ಕೂಡಿಸಿದರು. ಎರಡು ಸಲವೂ ಉತ್ತರ ಒಂದೇ ಬಂತು.

“ನಲವತ್ತೊಂಬತ್ತು!”

“ನಲವತ್ತೊಂಬತ್ತು ಸರ್!” ಎಂದರು ನಿರ್ದೇಶಕರು, ಕಣ್ಣು ತೆರೆದು. “ನಲವತ್ತೊಂಬತ್ತು ಇರಬೇಕಾದ ಕಡೆ ಬರೀ ನಲವತ್ನಾಲ್ಕು! ಅಬ್ಬಬ್ಬಾ, ಎಂಥ ಚಳಿ!”

“ನನಗೂ ಬಂದಾಗಿನಿಂದ ಹಾಗೇ ಅನ್ನಿಸ್ತಿತ್ತು,” ಎಂದು ತನಿಖಾಧಿಕಾರಿಗಳು ಮಫ್ಲರನ್ನು ಇನ್ನೊಂದು ಸುತ್ತು ಸುತ್ತಿಕೊಂಡರು.

“ಸರ್, ತಮ್ಮ ಮುಖದ ಮೇಲೆ ಬೆವರು…” ಎಂದರು ನಿರ್ದೇಶಕರು.

“ಬೆವರಲ್ಲ ಇವರೇ. ಇಬ್ಬನಿ.”

ಬೇಲಿಯಾಚೆಯಿಂದ ಆಗ ಸರಿಯಾಗಿ, ಹಲ್ಲು ಮೊದಲು, ಭುಜ ಆಮೇಲೆ, ಮಂಡಿ ಕೊನೆಯಲ್ಲಿ ಎಂಬ ಕ್ರಮದಲ್ಲಿ ಒಂದು ನಡುಕ ಎದ್ದು, “ಉಹುಹು” ಎಂಬಲ್ಲಿಗೆ ಮುಗಿಯಿತು. ತನಿಖಾಧಿಕಾರಿಗಳು ಅತ್ತ ನೋಡಿ ಮರುಗಿದರು. “ಪಾಪ, ಅವರನ್ನ ಒಳಗೆ ಕಳಿಸಿ. ಸೀದು ಹೋದಾರು.” ಸೀಯುವುದು ಬಿಸಿಗೆ ಸಂಬಂಧಿಸಿದ ಪದವೆಂದು ಯಾರೂ ಅವರಿಗೆ ಜ್ಞಾಪಿಸಲಿಲ್ಲ.

ವಾರದೊಳಗೆ ಊರಿನ ಸಾಮಾನ್ಯ ಉಷ್ಣಾಂಶವನ್ನು ನಲವತ್ತೊಂಬತ್ತು ಎಂದು ನಿಗದಿಪಡಿಸಿದ ಆದೇಶ ಹೊರಟಿತು. ಈ ಹಿಂದೆ ಊರಿನಲ್ಲಿ ಕಂಡುಬಂದ ಬೇಸಿಗೆಗಳೆಲ್ಲವೂ ಚಳಿಗಾಲಗಳೆಂದು ಪೂರ್ವಾನ್ವಯವಾಗಿ ಪರಿಗಣಿತವಾದವು. ಹೇಳಿದ ಸಂಖ್ಯೆಗೂ ಬಂದ ಸಂಖ್ಯೆಗೂ ಕೂದಲೆಳೆಯ ವ್ಯತ್ಯಾಸವಿಲ್ಲದ ಮುನ್ಸೂಚನೆಯೆಂದು ಕಚೇರಿಗೆ ಪ್ರಶಂಸಾಪತ್ರ ಬಂತು. ನಿರ್ದೇಶಕರು ಅದಕ್ಕೆ ಗಾಜು ಹಾಕಿಸಿ ಮೇಲಿನ ಅಂತಸ್ತಿನಲ್ಲಿ ತೂಗುಹಾಕಿದರು.

ಅದೇ ವರ್ಷದ ಕೊನೆಗೆ, ಹಿಂದೆ ಚಳಿಗಾಲವೆಂದು ಕರೆಯುತ್ತಿದ್ದ ತಿಂಗಳುಗಳು ಬಂದವು. ಅಷ್ಟರಲ್ಲಿ ಶೀತ ಪರಿಹಾರ ನಿಧಿ ಬರಿದಾಗಿ, ಬಿಸಿಲು ಪರಿಹಾರ ನಿಧಿ ಹೊಸದಾಗಿ ತುಂಬಿತ್ತು. ಆದ್ದರಿಂದ ತೀವ್ರ ಬಿಸಿಲನ್ನು ಘೋಷಿಸಲಾಯಿತು. ಮನೆಮನೆಗೂ ಫ್ಯಾನು ಬಂತು. ಫ್ಯಾನುಗಳು ಬಂದ ಮರದ ಪೆಟ್ಟಿಗೆಗಳನ್ನು ಜನರು ಒಡೆದು ಉರಿಸಿ ಸುತ್ತಲೂ ಕುಳಿತು ಮೈ ಕಾಯಿಸಿಕೊಂಡರು. ಪೆಟ್ಟಿಗೆಗಳು ಇನ್ನೂ ಸ್ವಲ್ಪ ದೊಡ್ಡವಿರಲಿ ಎಂದು ಮನವಿ ಸಲ್ಲಿಸಿದರು. ಮನವಿಯನ್ನು ಸಹಾನುಭೂತಿಯಿಂದ ಪರಿಶೀಲಿಸಲಾಯಿತು.

ಮುಂದಿನ ಬೇಸಿಗೆಗೆ ಮುನ್ಸೂಚಕಿ ತಾನಾಗಿಯೇ ‘ಐದು ಡಿಗ್ರಿ ಕಡಿಮೆ’ ಎಂದು ಬರೆದು ಕಳಿಸಿದಳು. ಸಾಮಾನ್ಯ ನಲವತ್ತೊಂಬತ್ತಾದ ಮೇಲೆ ಅದು ನಿಜವೇ ಆಗಿತ್ತು. ಹಾಳೆಯಲ್ಲಿ ತಿದ್ದುವುದಕ್ಕೆ ಏನೂ ಸಿಗದೆ ನಿರ್ದೇಶಕರಿಗೆ ಎರಡು ದಿನ ಮೈ ಸರಿಯಿರಲಿಲ್ಲವಂತೆ.

ಗುಡಾರಗಳ ವೆಚ್ಚ ಉಳಿಸಲೆಂದು ಆ ವರ್ಷದಿಂದ ರಸ್ತೆ ಕೆಲಸದವರಿಗೆ ಮನೆಯಲ್ಲೇ ನಡುಗಲು ಅನುಮತಿ ದೊರೆಯಿತು. ಒಂದು ಭಾನುವಾರ ನಡುಮಧ್ಯಾಹ್ನ ಮುನ್ಸೂಚಕಿ ಒಗೆದ ಬಟ್ಟೆ ಮಡಿಸುತ್ತ ಕುಳಿತಿದ್ದಳು. ಕಿಟಕಿಯಿಂದ ಬರುತ್ತಿದ್ದ ಗಾಳಿ ಒಲೆಯ ಬಾಯಿಂದ ಬಂದಂತಿತ್ತು. ಬೀದಿಯಲ್ಲಿ ನಾಯಿಗಳೂ ಇರಲಿಲ್ಲ. ತಮ್ಮ ಗೋಡೆಗೆ ಒರಗಿ, ಕಂಬಳಿಯನ್ನು ಗದ್ದದವರೆಗೂ ಎಳೆದುಕೊಂಡು ಕುಳಿತಿದ್ದ. ಕೆನ್ನೆ ಇನ್ನಷ್ಟು ತುಂಬಿತ್ತು.

“ಅಕ್ಕ, ಆ ಕಿಟಕಿ ಸ್ವಲ್ಪ ಹಾಕ್ತೀಯಾ?”

“ಇವತ್ತು ಭಾನುವಾರ ಕಣೋ. ಪರಿಶೀಲನೆಗೆ ಯಾರೂ ಬರಲ್ಲ. ಸಾಕು ನಿನ್ನ ನಡುಕ.”

“ಇದು ಅದಲ್ಲಕ್ಕ. ನಿಜವಾಗ್ಲೂ ಚಳಿ.”

ಆಕೆ ಎದ್ದುಬಂದು ಅವನ ಹಣೆಯನ್ನು ಮುಟ್ಟಿ ನೋಡಿದಳು. ಜ್ವರವಿರಲಿಲ್ಲ. ಅವನು ತಮಾಷೆಗೆ ಹೇಳಿದ್ದೂ ಅಲ್ಲ. ಹಲ್ಲು, ಭುಜ, ಮಂಡಿ ಯಾವ ಕ್ರಮವೂ ಇಲ್ಲದೆ ತಮ್ಮಷ್ಟಕ್ಕೆ ಅದುರುತ್ತಿದ್ದವು. ಬದುಕಿರುವ ಮನುಷ್ಯ ಮಾತ್ರ ಹಾಗೆ ಅದುರಬಲ್ಲ. ಆಕೆ ಸ್ವಲ್ಪ ಹೊತ್ತು ಅವನನ್ನೇ ನೋಡುತ್ತ ನಿಂತಳು. ಆಮೇಲೆ ಹೋಗಿ ಕಿಟಕಿಯನ್ನು ಮುಚ್ಚಿದಳು.

“ಇರಬೇಕಾಗಿದ್ದು ನಲವತ್ತೊಂಬತ್ತು, ಇರೋದು ನಲವತ್ನಾಲ್ಕು,” ಎಂದಳು. “ಚಳಿ ಆಗದೆ ಇನ್ನೇನಾಗುತ್ತೆ? ಇರು, ಒಳಗಿನಿಂದ ಇನ್ನೊಂದು ಕಂಬಳಿ ತರ್ತೀನಿ.”

ಒಳಗೆ ಹೋದವಳು ಎರಡು ತಂದಳು.